ಗಂಡಸಿಯಿಂದ ನಂಗು ಮೀನಿಗೆ: ತಮ್ಮ ಇನ್ನರ್ಧ ಎಲ್ಲಿ?

ನದಿ ಸಮುದ್ರ ಸೇರುವ ಅಳಿವೆಯ ಕೆಸರಿನಲ್ಲಿ ಪವಡಿಸಿರುವ ಶ್ರೀ ನಂಗು ಮೀನಿನವರ ಸನ್ನಿಧಿಗೆ,

ಮಾನ್ಯರೇ,

ಅರಸೀಕೆರೆ ತಾಲ್ಲೂಕು ಗಂಡಸಿಯ ಚನ್ನಪ್ಪನಾದ ನಾನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನೆಲಕ್ಕೆ ಅಂಟಿಕೊಂಡು ಸಾಷ್ಟಾಂಗ ಬೀಳುವುದರಲ್ಲಿ ತಮ್ಮನ್ನು ಮೀರಿಸುವವರಿಲ್ಲವೆಂದು ಬಲ್ಲೆ.

ಮಗಳು ಕಾವ್ಯಶ್ರೀಯ ಮದುವೆಯಾದ ಮೇಲೆ ನಮ್ಮ ಮನೆಯಲ್ಲಿ ನಡೆದ ಬೀಗರ ಊಟಕ್ಕೆ, ಮಟನ್ ಜೊತೆ ಸಮುದ್ರದ ಮೀನೂ ಇರಲಿ, ಹಳೇಬೀಡಿನ ಬೀಗರು ಬೆರಗಾಗಲಿ ಎಂಬ ಜಂಬದಿಂದ, ಐಸಿನಲ್ಲಿ ಬಂದಿದ್ದ ತಮ್ಮ ಬಳಗವನ್ನು ಬೇಲೂರಿನ ಅಂಗಡಿಯಿಂದ ತಂದೆ. ನನ್ನ ಹೆಂಡತಿ ಉಷಾರಾಣಿ ಹಪ್ಪಳದಂತೆ ಚಪ್ಪಟೆಯಾದ ತಮ್ಮನ್ನು ಇಡಿಯಾಗಿಯೇ ಹುರಿದು, ಕಣ್ಣಿಲ್ಲದ ಮಗ್ಗುಲು ಮೇಲಾಗಿ ಎಲೆಗೆ ಬಡಿಸಿದಳು. ತಮ್ಮ ಎರಡು ಕಣ್ಣೂ ಒಂದೇ ಕಡೆಗಿವೆ ಎಂಬುದು ಕೆರೆಯ ಕಾಟ್ಲಾ ತಿಂದು ಬೆಳೆದ ನಮಗೆ ಹೇಗೆ ತಿಳಿಯಬೇಕು? ಬೀಗರಾದ ಲಕ್ಕಪ್ಪನವರು, "ಇದೇನ್ರೀ ಬೀಗ್ರೇ, ಮೀನ್ನ ಉದ್ದಕ್ಕೆ ಸೀಳಿ ಅರ್ಧ ಮಡಗೀರಲ್ಲ, ಇನ್ನರ್ಧ ಒಳಗೆ ಯಾರ್ಗೈತೆ?" ಎಂದರು. ಗಾಬರಿಯಿಂದ ತಮ್ಮನ್ನು ಮಗುಚಿ ತೋರಿಸಿದೆ. "ಬ್ಯಾರೆ ಮೀನಿನ ಕಣ್ಣು ಕಿತ್ತು ಅಂಟ್ಸವ್ರೆ ಕಣ್ರಯ್ಯ!" ಎಂದು ಎಲೆ ಮಡಚಿ ಎದ್ದೇಬಿಟ್ಟರು, ಅವರ ಹಿಂದೆ ಇಡೀ ಪಂಕ್ತಿಯೂ ಎದ್ದಿತು.

ಈಗ ಗೌರಿ ಹಬ್ಬ ಬಂದಿದೆ. ಮದುವೆಯಾದ ಮೊದಲ ಗೌರಿಗೆ ಸೊಸೆಯನ್ನು ತವರಿಗೆ ಕಳಿಸುವುದಿಲ್ಲವೆಂದು ಲಕ್ಕಪ್ಪನವರು ಹೇಳಿ ಕಳಿಸಿದ್ದಾರೆ. ಉಷಾರಾಣಿ ಬಾಗಿನದ ಮೊರ ಎದುರಿಗಿಟ್ಟುಕೊಂಡು ಅಳುತ್ತಾಳೆ, ನನಗೂ ಅನ್ನ ಇಳಿಯುತ್ತಿಲ್ಲ.

ಹುಟ್ಟುವಾಗ ಎಲ್ಲ ಮೀನುಗಳಂತೆ ನೆಟ್ಟಗಿದ್ದು, ಬೆಳೆಯುತ್ತ ಒಂದು ಕಣ್ಣನ್ನು ಇನ್ನೊಂದರ ಪಕ್ಕಕ್ಕೆ ವರ್ಗ ಮಾಡಿಸಿಕೊಳ್ಳುವ ತಮ್ಮ ವಶೀಲಿ ಯಾವ ಸರ್ಕಾರಿ ನೌಕರನಿಗೂ ಇಲ್ಲ. ಅದೇ ವಶೀಲಿ ಬಳಸಿ ಆ ಕಣ್ಣನ್ನು ಹಳೆಯ ಜಾಗಕ್ಕೆ ಮರಳಿಸಬೇಕೆಂದೂ, ಆಗದಿದ್ದರೆ ಘಾಟಿ ಹತ್ತಿ, ಹಳೇಬೀಡಿನ ಬಸ್ಸು ಹಿಡಿದು, ಲಕ್ಕಪ್ಪನವರ ಜಗಲಿಯ ಮೇಲೆ ಮಗ್ಗುಲು ಬದಲಿಸಿ ಮಲಗಿ, ತಾವು ಪೂರ್ತಿ ಮೀನೆಂದು ರುಜುವಾತು ಮಾಡಬೇಕೆಂದೂ ಪ್ರಾರ್ಥನೆ. ಸದಾ ಮಲಗಿಯೇ ಇರುವ ತಮಗೆ ಪುರುಸೊತ್ತಿಲ್ಲವೆಂದರೆ ನಾನು ನಂಬುವುದಿಲ್ಲ.

ತಮ್ಮ ವಿಶ್ವಾಸಿ (ಇನ್ನು ಮುಂದೆ ವಿಶ್ವಾಸ ಕುರಿ ಮಾಂಸದಲ್ಲಿ ಮಾತ್ರ),
ಚನ್ನಪ್ಪ

ಅಂಚೆಗೆ ಹಾಕುವ ಮೊದಲು ಸೇರಿಸಿದ್ದು: ಲಕ್ಕಪ್ಪನವರು ಖುದ್ದಾಗಿ ಬೇಲೂರಿನ ಅಂಗಡಿಗೆ ಹೋಗಿ ತಮ್ಮ ಬಳಗವನ್ನು ನೋಡಿ, ನಂಗು ಮೀನು ಪೂರ್ತಿಯೇ ಎಂದು ತಿಳಿದು ಬಂದರಂತೆ. ಆದರೂ, "ಊರ್ಗೆಲ್ಲ ಅರ್ಧ ಅಂತ ಹೇಳ್ಕಂಡ್ ತಿರುಗಿವ್ನಿ, ಈಗ ಪೂರ್ತಿ ಅಂದ್ರೆ ಮಕಕ್ಕೆ ಉಗೀತಾರೆ" ಎಂದು ಬಿಗಿದುಕೊಂಡು ಕೂತಿದ್ದಾರೆಂದು ಮಗಳು ಫೋನಿನಲ್ಲಿ ಹೇಳಿದಳು. ಆದ್ದರಿಂದ ಮೇಲಿನ ಕೋರಿಕೆಗಳನ್ನೆಲ್ಲ ಹಿಂಪಡೆದಿದ್ದೇನೆ. ಹಳೇಬೀಡಿಗೆ ಹೋಗಿ, ನಾಲ್ಕು ಜನರ ಮುಂದೆ, ಅಂದು ಎಲೆಯ ಮೇಲಿದ್ದ ತಾವು ಅರ್ಧವೇ ಎಂದೂ ಉಳಿದರ್ಧವನ್ನು ಒಳಗೆ ಕೂತು ನಾನೇ ತಿಂದೆನೆಂದೂ ತಪ್ಪೊಪ್ಪಿಕೊಂಡು ಬಂದೆ. ಕಾವ್ಯಶ್ರೀ ನಾಳೆ ಬೆಳಗಿನ ಬಸ್ಸಿಗೆ ಬರುತ್ತಾಳೆ.