ನಾಲ್ಕು ಮೂಲೆ ಕೂಡಿದಾಗ

ಶಿಶುವಿಹಾರದ ಮಕ್ಕಳು ಮಧ್ಯಾಹ್ನ ಮಲಗುವ ಕೋಣೆಗೆ ಪರದೆ ಬೇಕಂತೆ, ಅದರ ಚಿತ್ತಾರ ನಾನೇ ಬರೆಯಬೇಕಂತೆ! ನನ್ನ ಕುಂಚಕ್ಕೆ ಸಿಕ್ಕ ಮೊಟ್ಟಮೊದಲ ಕೆಲಸ. ಊಟದ ಮೇಜು ಒಂದು ವಾರ ಕಲಾಶಾಲೆಯಾಯಿತು. (ಮನೆಯವರು ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಂಡರು.)

ಇದರಲ್ಲೊಂದು ಸ್ವಾರಸ್ಯವಿದೆ. ಬಟ್ಟೆಯ ಉದ್ದಕ್ಕೂ ಬರೆಯಬೇಕಿಲ್ಲ. ಒಂದೇ ಒಂದು ಚೌಕ ಬರೆದುಕೊಟ್ಟರೆ ಅಚ್ಚು ಹಾಕುವವರು ಅದನ್ನೇ ಪಕ್ಕಕ್ಕೊಂದು, ಕೆಳಕ್ಕೊಂದು ಕೂಡಿಸುತ್ತ ಹೋಗುತ್ತಾರೆ. ನಾನು ನಡುವೆ ಮೊಲ, ಸುತ್ತ ಬಳ್ಳಿ ಬಿಡಿಸಿದೆ. ಮೂಲೆಗಳು ಬೋಳುಬೋಳು ಕಂಡವು. ಅರ್ಧರ್ಧ ಎಲೆ, ಒಂದೆರಡು ಮೊಗ್ಗು ತುರುಕಿದೆ. ಮೂಲೆಯನ್ನು ಯಾರು ನೋಡುತ್ತಾರೆ?

ಮಾದರಿ ಬಟ್ಟೆ ಬಂತು. ಸಂಜೆ ನಾಲ್ಕು ಗಂಟೆಯೊಳಗೆ ಒಪ್ಪಿಗೆ ಕೊಡದಿದ್ದರೆ ಕೆಲಸ ಬೇರೆಯವರಿಗೆ. ಕಿಟಕಿಗೆ ಇಳಿಬಿಟ್ಟು, ಹಿಂದೆ ಸರಿದು ನೋಡಿದರೆ ಮೊಲ ಮಾಯ! ನಾಲ್ಕು ಚೌಕಗಳ ಮೂಲೆ ಕೂಡಿದಲ್ಲೆಲ್ಲ ಒಂದೊಂದು ಮುಖ. ಎಲೆಗಳೇ ಗಂಟಿಕ್ಕಿದ ಹುಬ್ಬು, ಮೊಗ್ಗುಗಳೇ ದುರುಗುಟ್ಟುವ ಕಣ್ಣು, ಬಳ್ಳಿಯ ಕುಡಿಯೇ ಸೊಟ್ಟ ತುಟಿ.

"ರೀ, ಇಲ್ಲಿ ಬನ್ನಿ. ಏನು ಕಾಣುತ್ತೆ?"

ಗಂಡ ಮುಂದೆ ಹೋದರು, ಹಿಂದೆ ಬಂದರು, ಒಂದು ಕಣ್ಣು ಮುಚ್ಚಿದರು. "ಹತ್ತಿರದಿಂದ ಮೊಲ. ದೂರದಿಂದ..." ದನಿ ತಗ್ಗಿತು, "ನಮ್ಮಮ್ಮ."

"ನನಗೂ ಹಾಗೇ ಅನ್ನಿಸ್ತು. ನಿಮ್ಮಾಣೆ, ಬೇಕೂಂತ ಮಾಡಿಲ್ಲ!"

"ಅವಳು ನೋಡೋ ಮೊದಲು ಮಡಚು!"

ಮಡಚುವಷ್ಟರಲ್ಲಿ ಅತ್ತೆ ಬಂದೇಬಿಟ್ಟರು. ಕನ್ನಡಕ ಏರಿಸಿ, ನಿಧಾನವಾಗಿ ನೋಡಿ, "ಎಷ್ಟು ಚೆನ್ನಾಗಿ ಬರೆದಿದ್ದೀಯೇ! ಥೇಟ್ ನೀನೇ," ಅಂದರು.

"ನಾನಾ?"

"ಮತ್ತೆ? ಮಗು ಹಾಲು ಚೆಲ್ಲಿದಾಗ ಹೀಗೇ ತಾನೆ ನೋಡೋದು?"

ಮೂರು ವರ್ಷದ ಮಗಳನ್ನು ಸಾಕ್ಷಿಗೆ ಕರೆದೆ. ಅವಳು ಬೆರಳಿಟ್ಟು ಎಣಿಸಿದಳು: "ಅಮ್ಮ, ಅಮ್ಮ, ಇನ್ನೊಂದು ಅಮ್ಮ..." ಗಂಡ ಗೋಡೆಗೆ ತಿರುಗಿ ಕೆಮ್ಮಿದರು. ಭುಜ ಮಾತ್ರ ಕುಣಿಯುತ್ತಿತ್ತು.

ಅಷ್ಟರಲ್ಲಿ ಅಚ್ಚಿನವರ ಫೋನ್. ಮೂಲೆ ತಿದ್ದುತ್ತೇನೆಂದರೆ ಕೆಲಸ ಹೋದಂತೆ. ಮೇಲಾಗಿ ಅದು ನನ್ನದೇ ಮುಖವೆಂದು ಒಪ್ಪಿಕೊಂಡಂತೆ. "ಹಾಕಿ ಅಚ್ಚು!" ಅಂದೆ. ನಮ್ಮ ಮನೆಯವರ ಕಣ್ಣಿಗೆ ಕಂಡದ್ದು ಊರವರಿಗೂ ಕಾಣಬೇಕೆಂದೇನಿದೆ?

ಪರದೆ ಕಟ್ಟಿ ಹದಿನೈದು ದಿನಕ್ಕೆ ಶಿಶುವಿಹಾರದ ಟೀಚರ್ ಫೋನ್ ಮಾಡಿದರು. "ಏನು ಜಾದೂ ಮಾಡಿದ್ದೀರಿ? ಪರದೆ ಎಳೆದ ತಕ್ಷಣ ಮಕ್ಕಳು ಪಿಟ್ಟೆನ್ನದೆ ಮಲಗ್ತಾವೆ! ಒಮ್ಮೆ ಬಂದು ನೋಡಿ."

ಕಲೆಯ ಮಹಿಮೆಯನ್ನು ಕಣ್ಣಾರೆ ಕಾಣಲು ಇಸ್ತ್ರಿ ಬಟ್ಟೆ ಉಟ್ಟು ಹೋದೆ. ಪರದೆ ಇನ್ನೂ ಎಳೆದಿರಲಿಲ್ಲ. ಹದಿನಾಲ್ಕು ಮಕ್ಕಳು ದಿಂಬು ಎಸೆದಾಡುತ್ತ, ಕೋಣೆ ಕಿತ್ತುಹೋಗುವಂತೆ ಕಿರುಚುತ್ತಿದ್ದವು. ಏನಿದು ಗಲಾಟೆ ಎಂದು ಬಾಗಿಲಲ್ಲಿ ತಲೆ ಹಾಕಿದೆ, ಅಷ್ಟೆ.

ಹದಿನಾಲ್ಕೂ ಮಕ್ಕಳು ನನ್ನನ್ನೊಮ್ಮೆ ನೋಡಿ, ದಿಂಬು ಕೆಳಗಿಟ್ಟು, ಸಾಲಾಗಿ ಮಲಗಿ, ಬಿಗಿಯಾಗಿ ಕಣ್ಣು ಮುಚ್ಚಿಕೊಂಡವು.