ನಾಲ್ವರು ಶೈಲಾ, ನಾಲ್ವರು ಕ್ಲಿಮಿನಿ

ಇಂಥ ಪ್ರಸಂಗಗಳು ನಿಮ್ಮನೆಯಲ್ಲೇ ಯಾಕೆ ನಡೆಯುತ್ತವೆ ಅಂತ ಜನ ಕೇಳುತ್ತಾರೆ. ದೊಡ್ಡ ಮರಕ್ಕೆ ಗಾಳಿ ಜಾಸ್ತಿ ಅಂತ ನಾನು ಹೇಳುತ್ತೇನೆ. ಗಾಳಿ ಬರುವುದೇ ಆ ಮರದಿಂದ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಅವಳ ಮಾತನ್ನು ಅಲ್ಲಿಗೇ ಬಿಟ್ಟು ನೀವು ಮುಂದೆ ಓದಿ.

೧. ಒಂದು ಕೂಗಿಗೆ ನಾಲ್ಕು ತಲೆ

ಮೂವತ್ತು ವರ್ಷದ ಹಿಂದೆ ನಾವು ಹ್ಯೂಸ್ಟನ್‌ಗೆ ಬಂದಾಗ ಅಲ್ಲಿ ನಮಗೆ ಗೊತ್ತಿದ್ದ ಕನ್ನಡದ ಮನೆಗಳು ಬೆರಳೆಣಿಕೆಯಷ್ಟು. ನಾನು ಬಂದ ಮೇಲೆ ಸಂಖ್ಯೆ ಏರಿತು. ಕಾರಣ ಹೇಳಿದರೆ ಜಂಭ ಅನ್ನುತ್ತೀರಿ, ಅದಕ್ಕೆ ಹೇಳುವುದಿಲ್ಲ.

ಮೊದಲ ಯುಗಾದಿಗೆ ಯಾರದೋ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್‌ನಲ್ಲಿ ಸೇರಿದ್ದೆವು. ಬೇವಿನ ಹೂವು ಎಲ್ಲಿಂದ ತರುವುದು? ಒಬ್ಬರು ಸೂಟ್‌ಕೇಸಿನಲ್ಲಿ ತಂದಿದ್ದ ಒಣ ಎಲೆಯನ್ನೇ ಪುಡಿ ಮಾಡಿ ತಲೆಗೊಂದು ಚಿಟಿಕೆ ಹಂಚಿದ್ದರು. ಆ ಕಹಿ ನೆನೆಸಿಕೊಂಡರೆ ಈಗಲೂ ಬಾಯಲ್ಲಿ ನೀರೂರುತ್ತದೆ. ಊಟ ಮುಗಿದು ಹೊರಡುವಾಗ ನಾನು ಬಾಗಿಲಲ್ಲಿ ನಿಂತು, "ಶೈಲಾ, ಕಾರಿನ ಕೀ ಎಲ್ಲಿ?" ಅಂತ ಕೂಗಿದೆ. ಒಟ್ಟಿಗೆ ನಾಲ್ಕು ಹೆಂಗಸರು ತಿರುಗಿದರು. ನಾಲ್ವರೂ ಒಂದೇ ಉಸಿರಿಗೆ, "ನಿಮ್ಮ ಜೇಬಲ್ಲೇ ನೋಡಿ" ಅಂದರು. ಜೇಬಲ್ಲೇ ಇತ್ತು.

ಅವತ್ತು ಪಾತ್ರೆ ತೊಳೆಯುವಷ್ಟರಲ್ಲಿ ಹೆಂಗಸರು ಆ ಗೊಂದಲ ಬಗೆಹರಿಸಿಬಿಟ್ಟರು. ಪಕ್ಕದ ಊರು ಕೇಟಿಯಲ್ಲಿ ಮನೆ ಮಾಡಿದ್ದವರು ಕೇಟಿ ಶೈಲಾ. ಆಸ್ಪತ್ರೆ ಕೆಲಸದವರು ಡಾಕ್ಟರ್ ಶೈಲಾ. ಅವತ್ತು ದೊಡ್ಡ ಪಾತ್ರೆ ತುಂಬ ಪುಳಿಯೋಗರೆ ತಂದಿದ್ದವರು ಪುಳಿಯೋಗರೆ ಶೈಲಾ. ಉಳಿದದ್ದು ನನ್ನ ಹೆಂಡತಿ. ಅವಳಿಗೇನು ಹೆಸರಿಡುವುದು ಅಂತ ಯೋಚಿಸುತ್ತಿದ್ದಾಗ ಆಚೆಗೆ ನಾನು, ಬಂಡೀಪುರದ ರಸ್ತೆಯಲ್ಲಿ ಹುಲಿಗೆ ಲಿಫ್ಟ್ ಕೊಟ್ಟ ಕಥೆಯನ್ನು ಆರು ಜನ ಗಂಡಸರಿಗೆ ಹೇಳುತ್ತಿದ್ದೆ. ಹುಲಿ ಹಿಂದಿನ ಸೀಟಿನಲ್ಲಿ ಕೂತು ಸೀಟ್‌ಬೆಲ್ಟ್ ಹಾಕಿಕೊಂಡಿತು ಅನ್ನುವ ಘಟ್ಟ ಬಂದಿತ್ತು.

ಜನ್ಮದಲ್ಲಿ ಒಂದು ಸುಳ್ಳಾಡದ ಹೆಂಗಸು ಅವತ್ತಿನಿಂದ ಬುರುಡೆ ಶೈಲಾ ಆದಳು.

೨. ಪರಿಣತರು ಸಿಕ್ಕಿದರು

ಈಗ ನಾವಿರುವುದು ಡಲ್ಲಾಸ್ ಹತ್ತಿರದ ಅಲೆನ್‌ನಲ್ಲಿ. ಮಗಳ ಮನೆ ಎರಡು ಬೀದಿ ಆಚೆ. ಮೊಮ್ಮಗಳಿಗೆ ಹನ್ನೆರಡು ವರ್ಷ. ಇಲ್ಲಿನ ಶಾಲಾಮಕ್ಕಳಿಗೆ ರಾಜ್ಯಮಟ್ಟದ ಗ್ರೀಕ್ ಪುರಾಣದ ಕ್ವಿಜ್ ತಂಡ ಅಂತ ಒಂದಿದೆ. ಹೋದ ವರ್ಷ ಆ ತಂಡಕ್ಕೆ ಆಯ್ಕೆಯಾಗಲಿಲ್ಲ ಅಂತ ಹುಡುಗಿ ಎರಡು ದಿನ ಬಟ್ಟೆಯ ಕ್ಲಾಸೆಟ್‌ನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಳು. ತಟ್ಟೆಯನ್ನು ಅಲ್ಲಿಗೇ ತಳ್ಳುತ್ತಿದ್ದೆವು. ಈ ವರ್ಷ ಉಳಿದದ್ದು ಒಂದೇ ಸೀಟು, ಅದಕ್ಕೆ ಇಬ್ಬರು ಹುಡುಗಿಯರು. ವಸಂತದಲ್ಲಿ ಆಸ್ಟಿನ್‌ನಲ್ಲಿ ನಡೆಯುವ ಬಾಯಿಪರೀಕ್ಷೆಯಲ್ಲಿ ಯಾರು ಹೆಚ್ಚು ಹೇಳುತ್ತಾರೋ ಅವರಿಗೆ ಸೀಟು.

ದೊಡ್ಡ ದೇವರುಗಳೆಲ್ಲ ಅವಳಿಗೆ ಬಾಯಿಪಾಠ. ತೊಡಕು ಇದ್ದದ್ದು ಸಣ್ಣಪುಟ್ಟ ಹೆಂಗಸರಲ್ಲಿ. ಗ್ರೀಕರು ಒಂದು ಹೆಸರು ಸಿಕ್ಕಿದರೆ ಸಾಕು, ಅದನ್ನೇ ನಾಲ್ಕು ಊರಿನ ಹೆಣ್ಣುಮಕ್ಕಳಿಗೆ ಇಟ್ಟಿದ್ದಾರೆ. ಕ್ಲಿಮಿನಿ ಅನ್ನುವ ಹೆಸರಿನವರೇ ಎಷ್ಟೋ ಮಂದಿ. ಒಬ್ಬೊಬ್ಬಳಿಗೂ ಪುರಾಣದಲ್ಲಿ ಸಿಕ್ಕಿರುವುದು ಒಂದೋ ಎರಡೋ ಸಾಲು. ಯಾರು ಯಾರೆಂದು ನೆನಪಿಡುವುದು ಹೇಗೆ ಅಂತ ಹುಡುಗಿ ಕಣ್ಣಲ್ಲಿ ನೀರು ಹಾಕಿಕೊಂಡಳು.

ನಾನಿರುವಾಗ ಚಿಂತೆ ಯಾಕೆ, ಗ್ರೀಕ್ ಪುರಾಣವನ್ನು ಅರೆದು ಕುಡಿದಿದ್ದೇನೆ ಅಂದೆ. ಮಾರನೆಯ ಬೆಳಿಗ್ಗೆ ಲೈಬ್ರರಿಗೆ ಹೋಗಿ ಕುಡಿಯಲು ಬೇಕಾದ ಪುಸ್ತಕ ತಂದೆ. ಒಳ್ಳೇ ಚಿತ್ರಗಳಿದ್ದವು. ಮೊಮ್ಮಗಳು ಅದರ ಬೆನ್ನು ತಿರುಗಿಸಿ ಅಲ್ಲಿದ್ದ ಚೀಟಿಗೆ ಬೆರಳಿಟ್ಟಳು. ಓದುಗರ ವಯಸ್ಸು 6–9 ಅಂತ ಬರೆದಿತ್ತು.

"ಸರಿಯಾಗೇ ಇದೆಯಲ್ಲಮ್ಮ," ಅಂದೆ. "ನನಗೀಗ ಅರವತ್ತೊಂಬತ್ತೇ."

೩. ಯಾರ ಪೈಕಿ?

ನನ್ನ ಹೆಂಡತಿ ಪುಸ್ತಕ ಮುಚ್ಚಿಟ್ಟು ಫೋನ್ ತೆಗೆದಳು. ಐದು ನಿಮಿಷದಲ್ಲಿ ಉಳಿದ ಮೂವರು ಶೈಲಾ ಪರದೆಯ ಮೇಲೆ ಬಂದರು. ಕೇಟಿ ಶೈಲಾ ಕೇಟಿಯಲ್ಲೇ ಇದ್ದಾರೆ. ಡಾಕ್ಟರ್ ಶೈಲಾ ರಿಟೈರ್ ಆಗಿದ್ದಾರೆ. ಪುಳಿಯೋಗರೆ ಶೈಲಾ ನಮ್ಮ ಡಲ್ಲಾಸ್ ಕಡೆಯ ಪ್ಲೇನೋಗೆ ಶಿಫ್ಟ್ ಆದರು. ಆಸಿಡಿಟಿ ಅಂತ ಹುಣಿಸೆಹಣ್ಣು ಬಿಟ್ಟು ಎಂಟು ವರ್ಷವಾಯಿತು, ಹೆಸರು ಮಾತ್ರ ಬಿಟ್ಟಿಲ್ಲ.

ಮೊಮ್ಮಗಳು ಪಟ್ಟಿ ಓದಿದಳು. ನಮ್ಮ ಹೆಂಗಸರು ಮದುವೆಮನೆಯಲ್ಲಿ ಅಪರಿಚಿತರನ್ನು ಹಿಡಿದು ಕೂರಿಸಿಕೊಳ್ಳುತ್ತಾರಲ್ಲ, ಅದೇ ಪ್ರಶ್ನೆಗಳು ಶುರುವಾದವು. ಯಾರ ಪೈಕಿ, ಯಾರ ಮಗಳು, ಎಲ್ಲಿಗೆ ಕೊಟ್ಟಿದ್ದಾರೆ, ಮಕ್ಕಳೇನು.

ಮೊದಲನೇ ಕ್ಲಿಮಿನಿ ಅಟಲಾಂಟಾ ಅನ್ನುವವಳ ತಾಯಿ. ಗಂಡನಿಗೆ ಗಂಡುಮಗು ಬೇಕಿತ್ತು, ಹೆಣ್ಣಾಯಿತು ಅಂತ ಕಾಡಿನಲ್ಲಿ ಬಿಟ್ಟುಬಂದ. ಕರಡಿ ಹಾಲೂಡಿಸಿತು, ಮಗು ಬೆಳೆದು ಓಟದಲ್ಲಿ ಎಲ್ಲರನ್ನೂ ಸೋಲಿಸಿತು. ತಾಯಿ ಏನಂದಳು ಅಂತ ಡಾಕ್ಟರ್ ಶೈಲಾ ಕೇಳಿದರು. ಅದನ್ನು ಯಾರೂ ಬರೆದಿಲ್ಲ ಅಂದಳು ಮೊಮ್ಮಗಳು. ಬರೆದಿರುವುದಿಲ್ಲ ಬಿಡು ಅಂತ ನಾಲ್ವರೂ ನನ್ನ ಕಡೆ ನೋಡಿದರು. ನಾನು ಯಾವ ಮಗುವನ್ನೂ ಕಾಡಿಗೆ ಬಿಟ್ಟವನಲ್ಲ, ಆದರೂ ತಲೆ ತಗ್ಗಿಸಿದೆ.

ಎರಡನೆಯವಳು ಹೆಲೆನ್ ರಾಣಿಯ ಸಖಿ. ರಾಣಿ ಟ್ರಾಯ್‌ಗೆ ಹೋದಾಗ ಇವಳೂ ಜೊತೆಗೆ ಹೋದಳು. ಹೋಗುವವಳು ಅವಳು, ಇವಳ್ಯಾಕೆ ಹೋಗಬೇಕಿತ್ತು ಅಂತ ನಾನು ಬಾಯಿ ಹಾಕಿದೆ. "ಡಿಪೆಂಡೆಂಟ್ ವೀಸಾ ಇರಬೇಕು," ಅಂದರು ಪುಳಿಯೋಗರೆ ಶೈಲಾ. "ನಮ್ಮನ್ನು ಯಾರಾದರೂ ಕೇಳಿದ್ದರಾ?"

ಮೂರನೆಯವಳ ಅಪ್ಪ ಒಬ್ಬ ರಾಜ. ಮಕ್ಕಳಿಂದಲೇ ನಿನಗೆ ಸಾವು ಅಂತ ಕಣಿ ಕೇಳಿ ಹೆದರಿ, ಇವಳನ್ನು ದೂರದೇಶಕ್ಕೆ ಸಾಗಿಸು ಅಂತ ಒಬ್ಬ ನಾವಿಕನ ಕೈಗೆ ಒಪ್ಪಿಸಿದ. ಆ ನಾವಿಕನೇ ಅವಳನ್ನು ಮದುವೆಯಾದ. ನಮ್ಮಪ್ಪನೂ ಏರ್‌ಪೋರ್ಟಿನಲ್ಲಿ ಕನ್ನಡಕ ಒರೆಸುತ್ತಾ ನಿಂತಿದ್ದರು, ಹೋಗುವುದು ಎಲ್ಲಿಗೆ ಅಂತ ಭೂಪಟದಲ್ಲಿ ಬೆರಳಿಟ್ಟು ತೋರಿಸಿದ್ದೆ ಅಂದರು ಕೇಟಿ ಶೈಲಾ. ನಾಲ್ವರೂ ಏರ್‌ಪೋರ್ಟು, ಟ್ರಂಕ್ ಕಾಲು, ವಾರಕ್ಕೊಂದು ನೀಲಿ ಕಾಗದ ಅಂತ ಹಳೇ ಕಾಲಕ್ಕೆ ಹೊರಟುಹೋದರು. ಮೊಮ್ಮಗಳು ಪೆನ್ನು ಕೆಳಗಿಟ್ಟು ಕೇಳುತ್ತಾ ಕೂತಳು.

ಒಂದು ಗಂಟೆಯಾದ ಮೇಲೆ ಕೇಟಿ ಶೈಲಾ ಕೇಳಿದರು: "ಅಂತೂ ಆ ನಾವಿಕನ ಕಡೆಯವರು ವೆಜಿಟೇರಿಯನ್ನಾ?"

೪. ನಾಲ್ಕನೆಯವಳು ನನ್ನ ಪಾಲಿಗೆ

ಎಲ್ಲವನ್ನೂ ಅವರೇ ಹೇಳಿಕೊಟ್ಟರೆ ನನ್ನ ಮರ್ಯಾದೆ ಏನಾಗಬೇಕು? ನಾಲ್ಕನೇ ಕ್ಲಿಮಿನಿ ನನ್ನವಳು ಅಂತ ಹಟ ಹಿಡಿದೆ. ಅವಳು ಫೇಯಥಾನ್ ಅನ್ನುವ ಹುಡುಗನ ತಾಯಿ. ಅವನ ಅಪ್ಪ ಸಾಕ್ಷಾತ್ ಸೂರ್ಯ. ಹುಡುಗ ಅಪ್ಪನ ಹತ್ತಿರ ಹೋಗಿ ಒಂದು ದಿನ ರಥ ಓಡಿಸಲು ಕೊಡು ಅಂದ. ಬೇಡ ಕಣೋ, ಆ ಕುದುರೆಗಳು ನನ್ನೊಬ್ಬನ ಮಾತು ಮಾತ್ರ ಕೇಳೋದು ಅಂದರೂ ಬಿಡಲಿಲ್ಲ. ಲಗಾಮು ಕೈತಪ್ಪಿತು, ರಥ ಕೆಳಗಿಳಿದು ಭೂಮಿ ಸುಟ್ಟಿತು, ನದಿ ಬತ್ತಿತು. ಕೊನೆಗೆ ದೇವರಾಜ ಸಿಡಿಲು ಹೊಡೆದು ಉರುಳಿಸಿದ.

ಪುಸ್ತಕದಲ್ಲಿರುವುದು ಇಷ್ಟೇ. ಬರೀ ಇಷ್ಟನ್ನೇ ಹೇಳಿದರೆ ಮಕ್ಕಳಿಗೆ ನಾಟುವುದಿಲ್ಲ. ಹುಡುಗನಿಗೆ ಆಗತಾನೆ ಹದಿನಾರು, ಡ್ರೈವಿಂಗ್ ಪರ್ಮಿಟ್ ಕೈಗೆ ಬಂದಿತ್ತು ಅಂದೆ. ರಥ ಅಂದರೆ ನಾಲ್ಕು ಬಾಗಿಲಿನ ಪಿಕಪ್ ಟ್ರಕ್ ಅಂದೆ. ವೇಕೋ ಊರಿನ ಹತ್ತಿರ ಹೆದ್ದಾರಿಯ ಎಕ್ಸಿಟ್ ತಪ್ಪಿ ಪಶ್ಚಿಮಕ್ಕೆ ನುಗ್ಗಿದ, ಅದಕ್ಕೇ ಪಶ್ಚಿಮ ಟೆಕ್ಸಾಸ್‌ನಲ್ಲಿ ಇವತ್ತಿಗೂ ಹುಲ್ಲು ಹುಟ್ಟುವುದಿಲ್ಲ ಅಂದೆ.

ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜ. ನನ್ನ ಇಷ್ಟು ವರ್ಷದ ಸೇವೆಯಲ್ಲಿ ಅದೊಂದು ದಾಖಲೆ.

೫. ಆಸ್ಟಿನ್

ಪರೀಕ್ಷೆಯ ದಿನ ನಾಲ್ವರು ಶೈಲಾ ಕೂಡ ಬಂದರು. ಕೇಟಿಯಿಂದ ಒಂದು ಕಾರು, ಡಲ್ಲಾಸ್ ಕಡೆಯಿಂದ ಎರಡು. ಒಂದು ಶಾಲೆಯ ಹಾಲ್‌ನಲ್ಲಿ ಸಾಲಾಗಿ ಕೂತೆವು. ವೇದಿಕೆಯ ಮೇಲೆ ಬಿಳಿಗೂದಲಿನ ಒಬ್ಬ ಮೇಷ್ಟ್ರಮ್ಮ ತೀರ್ಪುಗಾರರು.

ಇಬ್ಬರು ಹುಡುಗಿಯರೂ ಉಳಿದ ಸುತ್ತುಗಳಲ್ಲಿ ಹೆಚ್ಚು ಕಡಿಮೆ ಒಂದೇ. ಇನ್ನೊಬ್ಬಳು ಒಂದು ಅಂಕ ಮುಂದೆ. ಕೊನೆಗೆ ಬಂದೇಬಿಟ್ಟಿತು: ಕ್ಲಿಮಿನಿ ಹೆಸರಿನವರಲ್ಲಿ ಎಷ್ಟು ಜನರನ್ನು ಬೇರೆಬೇರೆಯಾಗಿ ಗುರುತಿಸಬಲ್ಲಿರಿ? ಆ ಹುಡುಗಿ ಎರಡು ಹೇಳಿ ನಿಂತಳು. ನಮ್ಮವಳು ಮೂರು ಹೇಳಿದರೆ ಸಮ, ನಾಲ್ಕು ಹೇಳಿದರೆ ಸೀಟು ನಮ್ಮದು.

ಮೊಮ್ಮಗಳು ಎದ್ದಳು. ಓಟಗಾತಿಯ ತಾಯಿ ಅಂದಳು. ಹೆಲೆನ್‌ಳ ಸಖಿ ಅಂದಳು. ನಾವಿಕನ ಹೆಂಡತಿ ಅಂದಾಗ ಕೇಟಿ ಶೈಲಾ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅಲ್ಲಿಗೆ ಹುಡುಗಿ ನಿಂತುಬಿಟ್ಟಳು. ಇನ್ನೇನಾದರೂ ಇದೆಯಾ ಅಂತ ಮೇಷ್ಟ್ರಮ್ಮ ಮೆತ್ತಗೆ ಕೇಳಿದರು. ಮೊಮ್ಮಗಳು ಸಭೆಯಲ್ಲಿ ನನ್ನನ್ನು ಹುಡುಕಿ ನೋಡಿದಳು.

ಅವಳ ಅನುಮಾನ ನನಗೆ ಅರ್ಥವಾಯಿತು. ಬಾಯಿ ಬಿಡುವಂತಿಲ್ಲ. ನಿಜ ಅಂತ ಜೋರಾಗಿ ತಲೆಯಾಡಿಸಿದೆ. ಎದೆಯ ಮೇಲೆ ಕೈ ಇಟ್ಟೆ. ಗಂಟಲು ಹಿಡಿದು ಆಣೆ ಮಾಡಿದೆ. ಸಾಲದು ಅನ್ನಿಸಿ ಪಕ್ಕದಲ್ಲಿದ್ದ ಹೆಂಡತಿಯ ತಲೆ ಮೇಲೂ ಕೈ ಇಟ್ಟೆ. ಮೇಷ್ಟ್ರಮ್ಮ ಕನ್ನಡಕದ ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು.

ಅಷ್ಟೇ, ಇನ್ನಿಲ್ಲ ಅಂತ ಹೇಳಿ ಮೊಮ್ಮಗಳು ಕೂತುಬಿಟ್ಟಳು.

ಅಂಕ ಸಮವಾಯಿತು. ಚೀಟಿ ಎತ್ತಿದರು. ಸೀಟು ಆ ಹುಡುಗಿಗೆ ಹೋಯಿತು, ನಮ್ಮವಳು ಬದಲಿ ಆಟಗಾರ್ತಿ. ಪಾರ್ಕಿಂಗ್ ಲಾಟಿನಲ್ಲಿ ಮೂವರು ಶೈಲಾ ಅವಳನ್ನು ಸುತ್ತುವರಿದು ಕೋಡುಬಳೆ ಕೊಟ್ಟು ಸಮಾಧಾನ ಮಾಡುತ್ತಿದ್ದರು. ಅವಳು ಅಳುತ್ತಿರಲಿಲ್ಲ, ನನಗೇ ಅಳು ಬರುತ್ತಿತ್ತು. ಸೂರ್ಯನ ಕಥೆ ಗೊತ್ತಿತ್ತಲ್ಲ ಕಂದಾ, ಯಾಕೆ ಹೇಳಲಿಲ್ಲ ಅಂತ ಕೇಳಿದೆ.

ನಮ್ಮ ಜೊತೆ ಯಾವಾಗಲೂ ಇಂಗ್ಲಿಷ್‌ನಲ್ಲೇ ಉತ್ತರ ಕೊಡುವ ಹುಡುಗಿ, ನನಗೆ ಚೆನ್ನಾಗಿ ಅರ್ಥವಾಗಲಿ ಅಂತಲೋ ಏನೋ, ಅಚ್ಚ ಕನ್ನಡದಲ್ಲಿ ಹೇಳಿದಳು:

"ಮೊದಲು ನಿಜ ಇರಬಹುದು ಅಂದ್ಕೊಂಡೆ ತಾತ. ಆಮೇಲೆ ನೀನು ಆಣೆ ಮಾಡಿದ್ದು ನೋಡಿದೆ."