ರಸ್ತೆ ದಾಟಿಸುವ ನೌಕರಿ

ನಡೆಯುವವರಿಗೂ ಸೈಕಲ್ ತುಳಿಯುವವರಿಗೂ ರಸ್ತೆ ಸುರಕ್ಷಿತವಾಗಿರಬೇಕು ಎಂದು ಯೋಜನೆ ಹಾಕುವ ಕಚೇರಿಯಲ್ಲಿ ನನಗೆ ಕೆಲಸ. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರು ನಮ್ಮ ಪಾಲಿಗೆ ಬಂದಿವೆ. ಇಂಥ ಕೆಲಸದಲ್ಲಿ ನಗುವಂಥದ್ದು ಏನಿರುತ್ತದೆ ಅಂತೀರಾ? ತಿಂಗಳಿಗೊಂದಾದರೂ ಆಗುತ್ತದೆ. ಆಗುವ ಹೊತ್ತಿಗೆ ಮಾತ್ರ ನನಗೆ ನಗು ಬರುವುದಿಲ್ಲ. ಯಾಕೆಂದರೆ ನನಗೆ ರಸ್ತೆ ದಾಟುವುದೆಂದರೆ ಭಯ. ದಾವಣಗೆರೆಯಲ್ಲಿದ್ದಾಗಲೇ ಇತ್ತು, ಇಲ್ಲಿಗೆ ಬಂದ ಮೇಲೆ ಬಲಿತಿದೆ. ಕೆಲಸದ ಸಂದರ್ಶನದಲ್ಲಿ ಇದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನರೋಡಾದಲ್ಲಿ ಎಣಿಕೆ

ಸೇರಿದ ಹೊಸದರಲ್ಲಿ ಅಹಮದಾಬಾದಿನ ನರೋಡಾ ಕೈಗಾರಿಕಾ ಪ್ರದೇಶಕ್ಕೆ ಕಳಿಸಿದರು. ಪಾಳಿ ಬಿಡುವ ಹೊತ್ತಿಗೆ ಎಷ್ಟು ಜನ ನಡೆದು ರಸ್ತೆ ದಾಟುತ್ತಾರೆ ಎಂದು ಎಣಿಸಬೇಕು. ಅದಕ್ಕೆಂದೇ ಕೈಯಲ್ಲಿ ಹಿಡಿಯುವ ಒಂದು ಪುಟ್ಟ ಯಂತ್ರ ಕೊಟ್ಟಿದ್ದರು. ಒಬ್ಬರು ದಾಟಿದರೆ ಒಂದು ಸಲ ಒತ್ತಬೇಕು. ನಾನು ನಿಲ್ಲಬೇಕಾದದ್ದು ಕಾರ್ಖಾನೆಯ ಗೇಟಿನ ಬದಿಯಲ್ಲಿ. ಬಸ್ಸು ನನ್ನನ್ನು ಇಳಿಸಿದ್ದು ಅದರ ಎದುರು ಬದಿಯಲ್ಲಿ.

ಎರಡು ಸಲ ರಸ್ತೆಗೆ ಕಾಲಿಟ್ಟು ಎರಡು ಸಲವೂ ಹಿಂದೆ ಬಂದೆ. ಆಮೇಲೆ ನಾಲ್ಕು ಜನ ಕೆಲಸದ ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಹೊರಟರು. ಅವರ ಜೊತೆ ಸೇರಿಕೊಳ್ಳೋಣ ಎಂದು ಐದನೆಯವಳಾಗಿ ನಿಂತೆ. ಲಾರಿಯೊಂದು ಹಾರ್ನ್ ಹೊಡೆದದ್ದಕ್ಕೆ ನಾನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅವರು ಆ ಬದಿ ತಲುಪಿದ್ದರು.

ಅಷ್ಟರಲ್ಲಿ ನಮ್ಮ ಮುಖ್ಯಸ್ಥರ ಫೋನು ಬಂತು. ಸ್ಥಳಕ್ಕೆ ತಲುಪಿದಿರಾ ಎಂದು ಕೇಳಿದರು. ಕಾಣಿಸುತ್ತಿದೆ ಸರ್ ಅಂದೆ. ಹಾಗಾದರೆ ಒಂದು ಆಟೋ ಹಿಡಿಯಿರಿ ಎಂದರು.

ಆಟೋ ಬಹಳ ದೂರ ಹೋಗಿ, ಯೂ ಟರ್ನ್ ಹೊಡೆದು, ಅಷ್ಟೇ ದೂರ ವಾಪಸ್ ಬಂದು ನನ್ನನ್ನು ಗೇಟಿನ ಮುಂದೆ ಇಳಿಸಿತು. ದಾರಿಯಲ್ಲಿ ಚಾಲಕ ಇಲ್ಲಿಯವರ ರೂಢಿಯಂತೆ ಬೆನ್, ಅಂದರೆ ಅಕ್ಕ, ಎಂದು ಕರೆದು ನನ್ನ ಕೆಲಸ ಏನೆಂದು ಕೇಳಿದ್ದ, ನಾನು ಹೇಳಿದ್ದೆ. ಇಳಿದಾಗ ನನ್ನ ಕೈಯಲ್ಲಿದ್ದ ಯಂತ್ರವನ್ನೇ ನೋಡಿ ಕೇಳಿದ: "ಹಾಗಾದರೆ ಬೆನ್, ಈಗ ಒಂದು ಸಲ ಒತ್ತುತ್ತೀರಾ, ಇಲ್ಲವಾ?"

ಕೊಯಾಲಿಯ ಸೈಕಲ್

ಮಕ್ಕಳು ಸೈಕಲ್ಲಿನಲ್ಲಿ ಶಾಲೆಗೆ ಹೋದರೆ ರಸ್ತೆಯಲ್ಲಿ ವಾಹನಗಳು ಕಡಿಮೆಯಾಗುತ್ತವೆ ಎನ್ನುವುದು ನಮ್ಮ ಯೋಜನೆಯ ಮುಖ್ಯ ಮಾತು. ಹಾಗೆ ಹೋಗುವ ಮಕ್ಕಳನ್ನು ಹುಡುಕಿಕೊಂಡು ವಡೋದರಾ ಪಕ್ಕದ ಕೊಯಾಲಿಗೆ ಹೋದೆ. ಅಲ್ಲಿ ತೈಲ ಸಂಸ್ಕರಣಾಗಾರದ ನೌಕರರ ಕಾಲೊನಿಯಲ್ಲಿ ಬಳ್ಳಾರಿ ಕಡೆಯ ಒಂದು ಸಂಸಾರವಿದೆ. ಅವರ ಹನ್ನೊಂದು ವರ್ಷದ ಮಗಳು ದಿನವೂ ಸೈಕಲ್ಲಿನಲ್ಲೇ ಶಾಲೆಗೆ ಹೋಗುತ್ತಾಳೆಂದು ಕೇಳಿ ಬಹಳ ಖುಷಿಯಾಗಿತ್ತು.

ಬೆಳಿಗ್ಗೆ ಅವಳು ಹೊರಡುವುದನ್ನು ನೋಡಲು ಗೇಟಿನ ಹತ್ತಿರ ನಿಂತೆ. ಹುಡುಗಿ ಸೈಕಲ್ ಹತ್ತಿ ಹೊರಟಳು. ಟ್ಯಾಂಕರ್ ಓಡಾಡುವ ರಸ್ತೆ, ಮಗು ಒಂದೇ ಹೋಗುತ್ತಲ್ಲ ಎಂದು ಅವಳ ಹಿಂದೆ ಅಮ್ಮ ಸ್ಕೂಟರಿನಲ್ಲಿ ಹೊರಟರು. ಅಮ್ಮ ಮಗಳನ್ನೇ ನೋಡಿಕೊಂಡು ಗಾಡಿ ಓಡಿಸುತ್ತಾಳೆ, ಎಲ್ಲಿ ಹೋಗಿ ಗುದ್ದುತ್ತಾಳೋ ಎಂದು ಅವರ ಹಿಂದೆ ಅಪ್ಪ ಕಾರಿನಲ್ಲಿ ಹೊರಟರು. ಟ್ಯಾಂಕರ್ ಹತ್ತಿರ ಬಂದಾಗಲೆಲ್ಲ ಅಮ್ಮ ಹಾರ್ನ್ ಹೊಡೆಯುವರು, ಅಮ್ಮನ ಹಾರ್ನ್ ಕೇಳಿದಾಗಲೆಲ್ಲ ಅಪ್ಪ ಹೊಡೆಯುವರು. ಅವರು ಕಣ್ಮರೆಯಾಗುವವರೆಗೆ ನಾನು ನೋಡುತ್ತಲೇ ನಿಂತಿದ್ದೆ.

ಸಂಜೆ ಹುಡುಗಿಯನ್ನು ಕೂರಿಸಿಕೊಂಡು ನಮೂನೆಯಲ್ಲಿದ್ದ ಪ್ರಶ್ನೆ ಕೇಳಿದೆ. ದಾರಿಯಲ್ಲಿ ಯಾವುದಕ್ಕೆ ಹೆಚ್ಚು ಭಯವಾಗುತ್ತೆ? ಅವಳಿಗೆ ಕನ್ನಡ ಅಷ್ಟಕ್ಕಷ್ಟೆ. ಯೋಚಿಸಿ ಹೇಳಿದಳು: "ಟ್ಯಾಂಕರ್ ಭಯ ಇಲ್ಲ ಆಂಟಿ. ಮಮ್ಮಿ ಪಪ್ಪಾ ಹಿಂದೆ ಬರ್ತಾವೆ, ಅದು ಭಯ."

ನಮೂನೆಯಲ್ಲಿ, "ಹಿಂದಿನಿಂದ ಬರುವ ವಾಹನಗಳು" ಎಂದು ಬರೆದುಕೊಂಡೆ.

ಸೂರತ್ತಿನ ತಾಲೀಮು

ಸೂರತ್ತಿನ ಒಂದು ದೊಡ್ಡ ರಸ್ತೆಯಲ್ಲಿ ನಡೆಯುವವರಿಗೆ ಹಸಿರು ದೀಪ ಎಷ್ಟು ಹೊತ್ತು ಉರಿಯಬೇಕು ಎಂದು ನಿರ್ಧರಿಸಬೇಕಿತ್ತು. ಅದಕ್ಕೆ ವಯಸ್ಸಾದವರು ದಾಟಲು ಎಷ್ಟು ಸೆಕೆಂಡು ಬೇಕೆಂದು ತಿಳಿಯಬೇಕು. ಅಲ್ಲೇ ಪಕ್ಕದ ಹೌಸಿಂಗ್ ಸೊಸೈಟಿಯಲ್ಲಿ, ಸೀರೆ ವ್ಯಾಪಾರ ಮಾಡಿ ಈಗ ಮಕ್ಕಳಿಗೆ ಬಿಟ್ಟುಕೊಟ್ಟ ಒಬ್ಬ ಕಾಕಾ ಇದ್ದರು. ತಮ್ಮ ವಯಸ್ಸಿನವರನ್ನೆಲ್ಲ ಸೇರಿಸುವ ಹೊಣೆ ಅವರೇ ಹೊತ್ತರು.

ನಾನು ಹೋಗಿ ನೋಡಿದರೆ, ಅವರು ಸೊಸೈಟಿಯ ಅಂಗಳದಲ್ಲಿ ರಸ್ತೆಯಷ್ಟೇ ಅಗಲಕ್ಕೆ ಸುಣ್ಣದ ಗೆರೆ ಎಳೆಸಿ ಒಂದು ವಾರದಿಂದ ಎಲ್ಲರಿಗೂ ತಾಲೀಮು ಕೊಡುತ್ತಿದ್ದರು. ಕಾಕಾ ಸೀಟಿ ಊದಿದರೆ ಹತ್ತು ಹನ್ನೆರಡು ಜನ ಊರುಗೋಲು, ಸೆರಗು, ಮೊಣಕಾಲ ಪಟ್ಟಿ ಎಲ್ಲ ಹಿಡಿದುಕೊಂಡು ಒಟ್ಟಿಗೆ ನುಗ್ಗುತ್ತಿದ್ದರು. ಯಾರಾದರೂ ಬಿದ್ದು ಸೊಂಟ ಮುರಿದುಕೊಂಡರೆ ನನ್ನ ಗತಿ ಏನು ಎಂದು ನನಗೆ ಚಿಂತೆಯಾಯಿತು. ಮೊದಲ ಸಲ ಒಬ್ಬ ಅಜ್ಜಿ ಸುಣ್ಣದ ಗೆರೆಗಳ ನಡುವೆಯೇ ನಿಂತು ಮಹಡಿಯ ಮೇಲಿದ್ದ ಸೊಸೆಗೆ ಬೇಳೆ ನೆನೆಹಾಕಲು ಹೇಳಿದರು. ಎರಡನೆಯ ಸಲ ಎಲ್ಲರೂ ಸಮಯಕ್ಕೆ ಮುಂಚೆಯೇ ದಾಟಿ ಚಪ್ಪಾಳೆ ತಟ್ಟಿಕೊಂಡರು.

ನನಗೂ ಜೀವ ಬಂತು. ಹಾಗಾದರೆ ನಾಳೆ ನಿಜವಾದ ರಸ್ತೆಯಲ್ಲೇ ಒಂದು ಸಲ ನೋಡಿಬಿಡೋಣ ಎಂದೆ.

ಚಪ್ಪಾಳೆ ನಿಂತಿತು. ಕಾಕಾ ಸೀಟಿಯನ್ನು ಜೇಬಿಗೆ ಹಾಕಿಕೊಂಡು ಹೇಳಿದರು: "ಬೆನ್, ನಾವು ಈ ವಯಸ್ಸಿನ ತನಕ ಬಂದಿರುವುದೇ ಆ ರಸ್ತೆಗೆ ಇಳಿಯದೆ."

ಚಾಂದ್‌ಖೇಡಾದ ಗುಂಡಿ

ಚಾಂದ್‌ಖೇಡಾದಲ್ಲಿ ಅಂದರೆ ಅಹಮದಾಬಾದಿನ ಅಂಚಿನಲ್ಲಿ, ನಾನಿರುವ ಬಾಡಿಗೆ ಮನೆಯ ಎದುರಿನ ರಸ್ತೆಯಲ್ಲಿ ಈಗ ಒಳ್ಳೆಯ ಹಂಪ್ ಇದೆ, ವಾಹನಗಳು ನಿಧಾನವಾಗುತ್ತವೆ. ಅದು ಬಂದದ್ದು ಮಾತ್ರ ಸುಲಭವಾಗಿ ಅಲ್ಲ, ಮೇಲಿನ ಕಚೇರಿಯವರೊಬ್ಬರು ತಾವೇ ಈ ರಸ್ತೆ ದಾಟಿ ನೋಡಿದ ಮೇಲೆ.

ಅದೇ ಜಾಗದಲ್ಲಿ ರಸ್ತೆ ದಾಟುವಾಗ ಪಕ್ಕದ ಮನೆಯ ಮಾಸಿಯ, ನನಗೆ ಚಿಕ್ಕಮ್ಮನಂಥವರ, ಕಾಲು ಮುರಿದಿತ್ತು. ಆಮೇಲೆ ನಾನು ಮೇಲಿಂದ ಮೇಲೆ ಟಿಪ್ಪಣಿ ಬರೆದು, ಗುಂಡಿ ಒತ್ತಿದರೆ ವಾಹನಗಳಿಗೆ ಕೆಂಪು ದೀಪ ಹತ್ತುವ ಸಿಗ್ನಲ್ ಅನ್ನು ಪರೀಕ್ಷೆಗೆಂದು ಹಾಕಿಸಿದ್ದೆ. ಅದನ್ನು ನೋಡಲು ಒಂದು ಸಂಜೆ ನಮ್ಮ ಮುಖ್ಯಸ್ಥರು, ಮೇಲಿನ ಕಚೇರಿಯ ಹಿರಿಯ ಅಧಿಕಾರಿ, ಅವರ ಸಹಾಯಕರು ಎಲ್ಲ ಬಂದರು. ಹಿರಿಯ ಅಧಿಕಾರಿ ಒಪ್ಪದಿದ್ದರೆ ಸಿಗ್ನಲ್ಲೂ ಇಲ್ಲ, ಬೇರೆ ಏನೂ ಇಲ್ಲ. 

ಗುಂಡಿ ಒತ್ತಿದೆ. ಕೆಂಪು ದೀಪ ಹತ್ತಿತು. ಒಂದು ಸ್ಕೂಟರ್ ನಿಂತಿತು. ಅದನ್ನು ಓಡಿಸುತ್ತಿದ್ದ ಹೆಂಗಸಿಗೆ ಹಿಂದಿನವರೆಲ್ಲ ಸೇರಿ ಹಾರ್ನ್ ಹೊಡೆದರು. ಆಕೆ ನಮ್ಮ ಕಡೆ ಕ್ಷಮೆ ಕೇಳುವಂತೆ ನೋಡಿ ಹೊರಟುಹೋದರು. ಆಮೇಲೆ ಯಾರೂ ನಿಲ್ಲಲಿಲ್ಲ. ಮತ್ತೆ ಒತ್ತಿದೆ. ಹಿರಿಯ ಅಧಿಕಾರಿ ರಸ್ತೆಗೆ ಒಂದು ಕಾಲಿಟ್ಟು ಹಿಂದಕ್ಕೆ ತೆಗೆದುಕೊಂಡರು. ಮುಖ್ಯಸ್ಥರು ನನ್ನನ್ನು ನೋಡಿದರು. ನಾನು ದೀಪವನ್ನು ನೋಡಿದೆ.

ಆಗ ನಮ್ಮ ಓಣಿಯಿಂದ ಒಂದು ಮದುವೆ ಮೆರವಣಿಗೆ ಹೊರಬಂತು. ಕುದುರೆಯ ಮೇಲೆ ವರ, ಮುಂದೆ ಬ್ಯಾಂಡು, ಸುತ್ತ ಗರ್ಬಾ ಕುಣಿಯುವ ಹೆಂಗಸರು. ಮದುವೆಯ ಮೈದಾನ ಇದ್ದದ್ದು ರಸ್ತೆಯ ಎದುರಿಗೆ. ಅವರು ಯಾವ ಗುಂಡಿಯನ್ನೂ ಒತ್ತಲಿಲ್ಲ. ನೇರವಾಗಿ ರಸ್ತೆಗೆ ಇಳಿದರು, ಬಸ್ಸು ಲಾರಿ ಸಮೇತ ಎಲ್ಲ ನಿಂತವು.

"ನಡೀರಿ," ಎಂದರು ಮುಖ್ಯಸ್ಥರು ಮೆಲ್ಲಗೆ.

ಕಡತಗಳನ್ನು ಎದೆಗವಚಿಕೊಂಡು ಎಲ್ಲರೂ ಮೆರವಣಿಗೆಯೊಳಗೆ ಸೇರಿಕೊಂಡೆವು. ಸುಮ್ಮನೆ ನಡೆಯಲು ಬಿಡುವವರು ಯಾರು? ಒಬ್ಬಾಕೆ ನನ್ನ ಕೈ ಹಿಡಿದು ಸುತ್ತಿಸಿದಳು. ಹಿರಿಯ ಅಧಿಕಾರಿಯ ತಲೆಗೆ ಯಾರೋ ಪೇಟ ಇಟ್ಟರು, ಬಾಯಿಗೆ ಪೇಡ ಹಾಕಿದರು. ಅವರೂ ಬೇರೆ ದಾರಿಯಿಲ್ಲದೆ ಚಪ್ಪಾಳೆ ತಟ್ಟುತ್ತಾ ಕುಣಿದೇ ದಾಟಿದರು.

ಆ ಬದಿ ತಲುಪಿದ ಕೂಡಲೇ ನಾವು ಮೆಲ್ಲಗೆ ಪಕ್ಕಕ್ಕೆ ಸರಿಯತೊಡಗಿದೆವು. ಮೈದಾನದ ಬಾಗಿಲಲ್ಲಿ ಅತಿಥಿಗಳನ್ನು ಎದುರುಗೊಳ್ಳುತ್ತಿದ್ದ ಮುದುಕರೊಬ್ಬರು ಹಿರಿಯ ಅಧಿಕಾರಿಯ ಕೈ ಹಿಡಿದು ನಿಲ್ಲಿಸಿದರು. ಪ್ರೀತಿಯಿಂದಲೇ ಕೇಳಿದರು: "ಗುರುತು ಸಿಗಲಿಲ್ಲ. ತಾವು ಹುಡುಗನ ಕಡೆಯವರೋ, ಹುಡುಗಿಯ ಕಡೆಯವರೋ?"

ಅಧಿಕಾರಿ ಪೇಟ ತೆಗೆದು, ಏದುಸಿರು ಬಿಡುತ್ತಾ ಕೈಮುಗಿದರು.

"ನಾವು ರಸ್ತೆಯ ಆ ಕಡೆಯವರು, ಕಾಕಾ."